ಸಾಹೇಬರ ಸ್ವಂತ ಪ್ರತಿ

ಇನ್ನೂರಾ ಹದಿನಾರನೆಯ ನಂಬರಿಗೆ ಬಂದಾಗ ಭೀಮಶಿಯ ಓದು ನಿಂತಿತು.

ಅಲ್ಲಿಯವರೆಗೂ ಕೆಲಸ ಎಲ್ಲಿಯೂ ತಡೆಯಿಲ್ಲದೆ ಸಾಗಿತ್ತು. ಬೈಲಹೊಂಗಲದ ಆ ಮನೆಯ ಪಡಸಾಲೆಯ ತುಂಬ ರಟ್ಟಿನ ಪೆಟ್ಟಿಗೆಗಳು. ಕಿತ್ತೂರಿನ ದಾಖಲೆ ಭಂಡಾರದಿಂದ ಬಂದ ಸಪ್ನಾ ಎಂಬ ಹುಡುಗಿ ಚಾಪೆಯ ಮೇಲೆ ಕುಳಿತು, ಭೀಮಶಿ ತನ್ನ ವಹಿಯಿಂದ ಒಂದೊಂದೇ ಹೆಸರು ಓದಿದಂತೆ ಆ ಕಾಗದವನ್ನು ಕೈಯಿಂದ ಮುಟ್ಟಿ, ಗುರುತು ಹಾಕಿ, ಪೆಟ್ಟಿಗೆಗೆ ಇಳಿಸುತ್ತಿದ್ದಳು. ಬರೆದ ಅಕ್ಷರವನ್ನಷ್ಟೇ ನಂಬಬಾರದು, ಮುಟ್ಟಿ ನೋಡಿದ್ದೇ ಲೆಕ್ಕ ಎನ್ನುವುದು ಅವಳ ಕಸುಬಿನ ರೀತಿ. ಓದಿದ್ದು ಬಿಟ್ಟು ಹೋಗಬಾರದು ಎನ್ನುವುದು ಭೀಮಶಿಯ ರೀತಿ. ಹೀಗಾಗಿ ಇಬ್ಬರಿಗೂ ಚೆನ್ನಾಗಿ ಹೊಂದಿತ್ತು.

"ಇನ್ನೂರಾ ಹದಿನಾರು," ಎಂದು ಭೀಮಶಿ ಮತ್ತೊಮ್ಮೆ ಹೇಳಿದ. "ಭಾರತದ ಸಂವಿಧಾನ. ಸಾಹೇಬರ ಸ್ವಂತ ಪ್ರತಿ. ಕೆಂಪು ರಟ್ಟು. ಅಂಚಿನಲ್ಲಿ ಪೆನ್ಸಿಲ್ ಬರಹ. ಒಂದು."

"ಕೊಡ್ರಿ ಕಾಕಾ," ಎಂದಳು ಸಪ್ನಾ, ಕೈ ಚಾಚಿ.

ಕೊಡಲು ಅದು ಇರಲಿಲ್ಲ. ಕಪಾಟಿನಲ್ಲಿ ಇರಲಿಲ್ಲ. ಅದು ಸದಾ ಇರುತ್ತಿದ್ದ ದೇವರ ಜಗಲಿಯ ಮೇಲೆಯೂ ಇರಲಿಲ್ಲ.

ಅಡಿಗೆಮನೆಯ ಹೊಸ್ತಿಲಲ್ಲಿ ಜೋಳ ಹಸನು ಮಾಡುತ್ತ ಕುಳಿತಿದ್ದ ಕಾಡವ್ವನ ಕೈ ಮೊರದ ಮೇಲೆಯೇ ನಿಂತಿತು. ಆ ಪುಸ್ತಕ ಎಲ್ಲಿದೆ ಎಂದು ಆ ಮನೆಯಲ್ಲಿ ಗೊತ್ತಿದ್ದುದು ಅವಳೊಬ್ಬಳಿಗೆ. ಹೋದ ತಿಂಗಳು ಅಣ್ಣ ತೀರಿಕೊಂಡ ಹನ್ನೆರಡನೆಯ ದಿನ ಅವಳೇ ಅದನ್ನು ಬಿಳಿ ವಸ್ತ್ರದಲ್ಲಿ ಸುತ್ತಿ, ಅರಿಷಿಣ ಕುಂಕುಮ ಏರಿಸಿ, ಮುನವಳ್ಳಿಯ ಬಸ್ಸು ಹಿಡಿದು ಹೋಗಿ, ನವಿಲುತೀರ್ಥದ ಹಿನ್ನೀರಿಗೆ ಬಿಟ್ಟು ಬಂದಿದ್ದಳು.

ಅಣ್ಣನೆಂದರೆ ವಕೀಲ ಮಲಕಾಜಪ್ಪ, ಭೀಮಶಿಯ ಸಾಹೇಬ. ಬೈಲಹೊಂಗಲದ ಕೋರ್ಟಿನ ಅಂಗಳದಲ್ಲಿ ಒಂದು ಮುರುಕು ಕುರ್ಚಿ ಹಾಕಿಕೊಂಡು ವಕೀಲಿಕಿ ಶುರು ಮಾಡಿದವನು ಬೆಂಗಳೂರಿನ ಹೈಕೋರ್ಟು ದಾಟಿ ದಿಲ್ಲಿಗೆ ಹೋದ. ಸಂವಿಧಾನದ ಪ್ರಶ್ನೆ ಇರುವ ವ್ಯಾಜ್ಯ ಬಂದರೆ ನ್ಯಾಯಮೂರ್ತಿಗಳೇ ಅವನ ಮಾತಿಗೆ ಕಾಯುತ್ತಿದ್ದರಂತೆ. ಕಡೆಯ ಹನ್ನೊಂದು ವರ್ಷ ಊರಿಗೆ ಮರಳಿ, ವಿಧವೆ ತಂಗಿಯೊಡನೆ ಇದೇ ಮನೆಯಲ್ಲಿ ಇದ್ದ. ಅವನಿಗೆ ಮಕ್ಕಳಿರಲಿಲ್ಲ. ಇದ್ದುದು ಈ ಕಾಗದ, ಮತ್ತೆ ಅವನು ದಿಲ್ಲಿಯಲ್ಲಿದ್ದಾಗಲೂ ಈ ಮನೆಯಲ್ಲೇ ಇವನ್ನು ಮೂವತ್ತೆರಡು ವರ್ಷ ಕಾಯ್ದ ಗುಮಾಸ್ತ ಭೀಮಶಿ.

"ಸಾಹೇಬ್ರು ಹೋದ ದಿನಾ ಜಗಲಿ ಮ್ಯಾಲ ಇತ್ತು. ನಾನ ನೋಡೇನಿ," ಎಂದ ಭೀಮಶಿ. "ಕಾರ್ಯ ಮುಗಿದ ಮ್ಯಾಲ ಈ ಪಟ್ಟಿ ಬರದೆ. ಅದನ್ನ ಮುಟ್ಟಿ ನೋಡಲಿಲ್ಲ. ಇದ್ದ ಇರತೈತಿ ಅಂತ ಬರಕೊಂಡೆ. ತಪ್ಪಾತು."

ಬಾಗಿಲಲ್ಲಿ ನಿಂತು ಫೋನಿನಲ್ಲಿ ಯಾರಿಗೋ ಟ್ರ್ಯಾಕ್ಟರಿನ ಬೇರಿಂಗಿನ ಅಳತೆ ಹೇಳುತ್ತಿದ್ದ ಪರಶು ಮಾತು ಅರ್ಧಕ್ಕೇ ಬಿಟ್ಟು ಒಳಗೆ ಬಂದ. ಕಾಡವ್ವನ ತೀರಿಹೋದ ತಮ್ಮನ ಮಗ, ಯರಗಟ್ಟಿಯಲ್ಲಿ ಬಿಡಿಭಾಗದ ಅಂಗಡಿ. ದೊಡ್ಡಪ್ಪನ ಕಾಗದಗಳನ್ನು ಭಂಡಾರಕ್ಕೆ ಕೊಡುವ ಏರ್ಪಾಡೆಲ್ಲ ಅವನದೇ. ಗಾಜಿನ ಪೆಟ್ಟಿಗೆಯಲ್ಲಿ ಆ ಕೆಂಪು ಪುಸ್ತಕ, ಮೇಲೆ ದೊಡ್ಡಪ್ಪನ ಫೋಟೋ ಎಂದು ಊರೆಲ್ಲ ಹೇಳಿಕೊಂಡು ಬಂದಿದ್ದ.

"ಇಲ್ಲಾ ಅಂದ್ರ? ಕಾಲು ಬಂದು ಹೋತೇನು?"

"ಹುಡುಕೂಣು ತಡಿ," ಎಂದ ಭೀಮಶಿ.

"ಹುಡುಕೂದೇನೈತಿ? ಕಪಾಟಿನ ಕೀಲಿ ಯಾರ ಕಡೆ ಐತಿ? ಪಟ್ಟಿ ಬರದಾಂವ ಯಾರು? ಹೊರಗಿನಾಂವ ಯಾವಾಂವ ಬಂದಾನ ಈ ಮನಿಗೆ?" ಪರಶುವಿನ ಮಾತು ಮೆತ್ತಗಾಯಿತು. ಮೆತ್ತಗಾದಾಗಲೇ ಅದು ಹೆಚ್ಚು ಕೊಯ್ಯುತ್ತಿತ್ತು. "ನಿನಗ ಅದರ ಮ್ಯಾಲ ಭಕ್ತಿ ಭಾಳ ಅಂತ ನನಗ ಗೊತ್ತೈತಿ, ಭೀಮಶಿ. ವರ್ಷಾ ಜನವರಿ ಇಪ್ಪತ್ತಾರಕ್ಕ ನೀನ ಹೂವಾ ಏರಸತಿದ್ದಿ. ಮನಿಯಾಗ ಇಟಗೋಬೇಕು ಅನಿಸಿದ್ರ ಕೇಳಬೇಕಿತ್ತು. ಇಲ್ಲಾ ಅಂತಿದ್ದಿಲ್ಲ."

ಸಪ್ನಾ ತಲೆ ತಗ್ಗಿಸಿ ಪೆನ್ನಿನ ಮುಚ್ಚಳ ಹಾಕಿದಳು, ತೆಗೆದಳು.

ಭೀಮಶಿ ವಹಿ ಮುಚ್ಚಿದ. ಒಳಜೇಬಿನಿಂದ ಕಪಾಟಿನ ಕೀಲಿ ತೆಗೆದು, ಎದ್ದು ಹೋಗಿ, ಜಗಲಿಯ ಮೇಲೆ, ಪುಸ್ತಕ ಇರುತ್ತಿದ್ದ ಖಾಲಿ ಜಾಗದಲ್ಲಿ ಇಟ್ಟ. ಚಪ್ಪಲಿ ಮೆಟ್ಟಿಕೊಳ್ಳುವಾಗ ಕಾಡವ್ವನ ಕಡೆ ಒಮ್ಮೆ ನೋಡಿದ. ಮೂವತ್ತೆರಡು ವರ್ಷದಲ್ಲಿ ಅವನು "ಬರತೇನ್ರಿ ಅಕ್ಕಾರ" ಅನ್ನದೆ ಆ ಹೊಸ್ತಿಲು ದಾಟಿದ್ದು ಅದೇ ಮೊದಲು.

ಕಾಡವ್ವ ಜೋಳದೊಳಗಿನ ಹರಳೊಂದನ್ನು ಹಿಡಿದುಕೊಂಡು ಹಾಗೇ ಕುಳಿತಿದ್ದಳು.

ಅವಳು ಮಾಡಿದ್ದು ತಿಳಿಯದೆ ಮಾಡಿದ್ದಲ್ಲ. ತಿಳಿದೇ, ಮಡಿಯಿಂದ, ಉಪವಾಸವಿದ್ದು ಮಾಡಿದ್ದು. ಅವರ ಅಪ್ಪ ಅಮೋಘಸಿದ್ದಪ್ಪ ಡೊಳ್ಳಿನ ಮೇಳದ ಹಾಡುಗಾರ. ಸುತ್ತಲ ಏಳೂರಿನಲ್ಲಿ ಅವನ ಪದ ಕೇಳದ ಕಿವಿಯಿರಲಿಲ್ಲ. ಪದಗಳನ್ನು ಬರೆದಿಟ್ಟ ಒಂದು ದಪ್ಪ ವಹಿ ಮನೆಯ ಜಗಲಿಯ ಮೇಲೆ ದೇವರೊಡನೆ ಇರುತ್ತಿತ್ತು. ಹಾಳೆ ಜೀರ್ಣವಾಗಿ ಉದುರತೊಡಗಿದಾಗ ಅಪ್ಪ ಅದನ್ನು ವಸ್ತ್ರದಲ್ಲಿ ಸುತ್ತಿ ಹೊಳೆಗೆ ಬಿಟ್ಟ. ಅಕ್ಷರ ಕಾಲಿಗೆ ಸಿಗಬಾರದು, ಒಲೆಗೆ ಬೀಳಬಾರದು, ಹೊಳೆವ್ವನ ಉಡಿಗೆ ಹೋಗಬೇಕು ಎಂಬುದು ಮನೆತನದ ನಡೆ. ಕಾಡವ್ವ ಆಗ ಎಂಟು ವರ್ಷದವಳು. ಅಪ್ಪನ ಹಿಂದೆ ಸೊಂಟದ ಮಟ ನೀರಿನಲ್ಲಿ ನಿಂತಿದ್ದಳು.

ಅಣ್ಣನ ಕೆಂಪು ಪುಸ್ತಕವೂ ಹಾಗೇ ಜೀರ್ಣವಾಗಿತ್ತು. ಬೆಳಗಾವಿಯಲ್ಲಿ ಕಾನೂನು ಕಲಿಯುವಾಗ ಕೊಂಡದ್ದು. ಬೆನ್ನಿನ ಹೊಲಿಗೆ ಬಿಚ್ಚಿ ಹಾಳೆ ಹಾಳೆಯಾಗಿತ್ತು. "ಇದು ನನ್ನ ಪುರಾಣ, ಕಾಡವ್ವಾ" ಎಂದು ಅಣ್ಣನೇ ಅದನ್ನು ಜಗಲಿಯ ಮೇಲೆ ಇಟ್ಟಿದ್ದ. ಸಂಜೆ ದೀಪ ಹಚ್ಚಿದ ಮೇಲೆ ತಗೊಂಡು ಕುಳಿತು, ಅಂಚಿನಲ್ಲಿ ತಾನು ಬರೆದಿದ್ದನ್ನು ಒಂದೊಂದಾಗಿ ಅವಳಿಗೆ ಓದಿ ಹೇಳುತ್ತಿದ್ದ. ಅವನು ಅನುಚ್ಛೇದ ಎಂದರೆ ಅವಳು ನುಡಿ ಎನ್ನುವಳು. ಡೊಳ್ಳಿನ ಪದಕ್ಕೆ ನುಡಿಗಳಿದ್ದಂತೆ ಇದಕ್ಕೂ ನುಡಿಗಳು. "ಇವತ್ತ ಎಷ್ಟನೇ ನುಡಿ ಅಣ್ಣಾ?" ಎಂದು ಕೇಳಿದರೆ ದೊಡ್ಡ ವಕೀಲನು ಮಗುವಿನಂತೆ ನಗುತ್ತಿದ್ದ.

ಹೊಳೆಗೆ ಬಿಡಲು ಅವಳು ಆರಿಸಿದ್ದೂ ಬೇಕೆಂದು ಆರಿಸಿದ ಜಾಗ. ಅವರು ಹುಟ್ಟಿದ ಊರು, ಅಪ್ಪ ಹಾಡಿದ ಕಟ್ಟೆ, ಅವ್ವನ ಒಲೆ, ಎಲ್ಲವೂ ಡ್ಯಾಮಿನ ಆ ನೀರಿನ ತಳದಲ್ಲಿದ್ದವು. ಊರು ಕಳಕೊಂಡವರ ಪರವಾಗಿ ಅಣ್ಣ ಹದಿನಾಲ್ಕು ವರ್ಷ ನಡೆಸಿದ ವ್ಯಾಜ್ಯವೇ ಅವನ ಹೆಸರನ್ನು ದಿಲ್ಲಿಗೆ ಮುಟ್ಟಿಸಿದ್ದು. ಪುಸ್ತಕ ತವರಿಗೆ ಹೋಯಿತು ಎಂದುಕೊಂಡು ಅವಳು ನೀರಿಗೆ ಕೈಮುಗಿದು ಬಂದಿದ್ದಳು.

ಈಗ ಆ ಪುಣ್ಯವೇ ಭೀಮಶಿಯ ಕೊರಳಿಗೆ ಸುತ್ತಿಕೊಂಡಿತ್ತು.

ಆ ದಿನ ಸಂಜೆ ಹೇಳಬೇಕೆಂದು ಎರಡು ಸಲ ಬಾಯಿ ತೆರೆದಳು. "ಪರಶೂ," ಎಂದಳು. "ಏನತ್ತಿ?" ಎಂದ. "ರೊಟ್ಟಿ ಇನ್ನೊಂದು ಹಾಕಲೇನು?" ಎಂದು ಕೇಳಿದಳು. ಅಕ್ಷರ ಬಾರದ ಮುದುಕಿ ಅಣ್ಣನ ಬದುಕನ್ನೇ ನೀರಿಗೆ ಹಾಕಿದಳು ಎಂದು ಯರಗಟ್ಟಿಯಿಂದ ಕಿತ್ತೂರಿನ ತನಕ ಆಡಿಕೊಂಡಾರು ಎಂಬ ಅಳುಕು ಅವಳನ್ನು ತಡೆಯುತ್ತಿತ್ತು. ಅದಕ್ಕಿಂತಲೂ ಒಳಗೆ ಇನ್ನೊಂದಿತ್ತು. ಅದು ಅವಳಿಗೇ ಆ ಹೊತ್ತಿಗೆ ಸರಿಯಾಗಿ ಕಂಡಿರಲಿಲ್ಲ.

ಪೆಟ್ಟಿಗೆಗಳನ್ನು ಒಯ್ಯಲು ಸೋಮವಾರ ಗಾಡಿ ಬರುವುದಿತ್ತು. ಆಗ ಆ ಪಟ್ಟಿಗೆ ಕಾಡವ್ವ, ಪರಶು, ಭೀಮಶಿ ಮೂವರೂ ಸಹಿ ಹಾಕಬೇಕು. ಒಂದು ನಂಬರು ಕಳುವು ಎಂದು ಬರೆದೇ ಸಹಿ ಹಾಕುವುದು ಎಂದು ಪರಶು ಹೇಳಿಬಿಟ್ಟಿದ್ದ. ಬರೆದದ್ದು ಭಂಡಾರದಲ್ಲಿ ಉಳಿಯುತ್ತದೆ. ಅಣ್ಣನ ಹೆಸರಿನ ಪಕ್ಕದಲ್ಲಿ, ಅವನ ಕಾಗದಗಳ ನಡುವೆ, ಭೀಮಶಿಯ ಮೇಲಿನ ಸಂಶಯವೂ ನೂರು ವರ್ಷ ಬಾಳುತ್ತದೆ.

ರವಿವಾರ ನಸುಕಿನಲ್ಲೇ ಕಾಡವ್ವ ಬಸ್‌ಸ್ಟ್ಯಾಂಡಿಗೆ ಹೋದಳು.

"ಎಲ್ಲಿಗಜ್ಜಿ?" ಎಂದ ಕಂಡಕ್ಟರ.

"ಸುರೇಬಾನ."

"ಈ ಬಸ್ಸು ಯರಗಟ್ಟಿ ತನಕಾ ಅಷ್ಟ. ಅಲ್ಲಿಂದ ರಾಮದುರ್ಗ, ರಾಮದುರ್ಗದಿಂದ ಸುರೇಬಾನ. ಮೂರು ಬಸ್ಸು, ಮೂರು ಪುಕ್ಕಟ ಸೊನ್ನಿ ಚೀಟಿ. ಆಧಾರ ಕಾರ್ಡ್ ತೆಗಿ. ಮಗಳ ಮನಿಗೇನು?"

"ತಪ್ಪು ಒಪ್ಪಿಕೊಳ್ಳಾಕ."

ಕಂಡಕ್ಟರ ಅವಳ ಮುಖ ನೋಡಿ, ಚೀಟಿ ಹರಿದು ಕೈಗಿಟ್ಟು, ಮುಂದಕ್ಕೆ ಹೋದ.

ಸುರೇಬಾನದಲ್ಲಿ ಭೀಮಶಿಯ ಮನೆ ಕೇಳಿಕೊಂಡು ಹೋಗಬೇಕಾಯಿತು. ಅವನು ಬೈಲಹೊಂಗಲದಲ್ಲಿ ಕೋಣೆ ಹಿಡಿದಿದ್ದು ಸುಮಾರು ಹತ್ತು ಸಾವಿರ ದಿನ ತಮ್ಮ ಮನೆಗೆ ಬಂದಿದ್ದಾನೆ, ತಾನು ಒಂದು ದಿನವೂ ಅವನ ಮನೆಗೆ ಬಂದಿಲ್ಲ ಎಂಬುದು ಆ ಓಣಿಯ ತಿರುವಿನಲ್ಲಿ ಅವಳಿಗೆ ಹೊಳೆಯಿತು. ಒಳಗೆ ಗೋಡೆಯ ಮೇಲೆ ಬುದ್ಧನ ಪಟ, ಬಾಬಾಸಾಹೇಬರ ಪಟ. ಕೆಳಗೆ ಮೊಳೆಗೆ ನೇತುಹಾಕಿದ ಸಾಹೇಬರ ಹಳೆಯ ಕರಿ ಕೋಟು. ಭೀಮಶಿಯ ಹೆಂಡತಿ ಸತ್ಯವ್ವ ಕುರ್ಚಿ ಎಳೆದು ಹಾಕಿ, ಚಹಾಕ್ಕೆ ಇಡಲು ಒಳಗೆ ಹೋದಳು. ಕಾಡವ್ವ ಕುಳಿತುಕೊಳ್ಳಲಿಲ್ಲ.

"ಪುಸ್ತಕಾ ನಾನ ಹೊಳಿಗೆ ಬಿಟ್ಟೇನಿ, ಭೀಮಶಿ."

ಭೀಮಶಿ ಅವಳನ್ನೇ ನೋಡಿದ. ಸಿಟ್ಟು ಬಂದಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತು. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಮನೆಯಲ್ಲಿ ಸಾವಾದ ಸುದ್ದಿ ಕೇಳಿದವನಂತೆ ಗೋಡೆ ಹಿಡಿದು ನೆಲಕ್ಕೆ ಕುಳಿತ.

"ಎಲ್ಲಿ?"

"ನವಿಲುತೀರ್ಥದಾಗ."

"ಕಳವು ಆಗಿದ್ರ ಛಲೋ ಇತ್ರಿ ಅಕ್ಕಾರ," ಎಂದ. "ಯಾರರ ಮನಿಯಾಗ ಇರತಿತ್ತು. ಎಂದರ ಸಿಗತಿತ್ತು. ಮೂವತ್ತೆರಡು ವರ್ಷ ನಾ ಅದನ್ನ ತೆರದು ನೋಡಿಲ್ಲ. ಸಾಹೇಬ್ರು ಕೈಯಾಗ ಕೊಟ್ರ ಹಿಡಕೊಂಡು ನಿಂದರತಿದ್ದೆ. ಅವರ ಖಾಸಗಿ ಬರಹ, ಕೇಳದ ಓದಬಾರದು ಅಂತ. ಕಿತ್ತೂರಿಗೆ ಹೋದ ಮ್ಯಾಲ, ಅಲ್ಲಿ ಎಲ್ಲಾರಿಗೂ ಕೊಡತಾರಲ್ಲಾ, ಅವಾಗ ಅರ್ಜಿ ಹಾಕಿ, ಕುಂತು ಓದಬೇಕು ಅಂತ ಮಾಡಿದ್ದೆ."

ಕಾಡವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

"ನನ್ನ ತಪ್ಪಾತಪ್ಪಾ. ಕಾಲು ಹಿಡಿ ಅಂದ್ರ ಹಿಡಿತೇನಿ."

"ಅದೆಲ್ಲಾ ಬ್ಯಾಡ್ರಿ." ಭೀಮಶಿ ಎದ್ದು ನಿಂತ. "ಇಲ್ಲಿ, ನನ್ನ ಮುಂದ, ನಾಕು ಗ್ವಾಡಿ ನಡುವ ಹೇಳಿದ್ರ ನನಗೇನು ಬಂತು? ಅಂದಿದ್ದು ಎಲ್ಲಿ? ನಿಮ್ಮ ಪಡಸಾಲಿಯಾಗ. ಕೇಳಿಸಿಕೊಂಡಾಕಿ ಯಾರು? ಆ ಸಪ್ನಾ. ಹೇಳೂದಿದ್ರ ಅಲ್ಲಿ ಹೇಳ್ರಿ. ನಾಳೆ ಗಾಡಿ ಬರತೈತಿ. ನಾನೂ ಬರತೇನಿ. ಸಹಿ ಮಾಡಬೇಕಲ್ಲಾ."

ಸತ್ಯವ್ವ ತಂದ ಚಹಾ ಕುಡಿದು ಕಾಡವ್ವ ಬಸ್ಸು ಹಿಡಿದಳು. ರಾಮದುರ್ಗ ದಾಟಿ, ಕಿಟಕಿಯಾಚೆ ಕಬ್ಬು ಮುಗಿದು ಜೋಳದ ಹೊಲ ಶುರುವಾದಾಗ, ಒಳಗೆ ಕುಳಿತಿದ್ದ ಆ ಇನ್ನೊಂದು ಅವಳಿಗೆ ಕಂಡಿತು.

ಅಪ್ಪ ವಹಿಯನ್ನು ನೀರಿಗೆ ಬಿಡುವ ಮುನ್ನ ಒಂದು ವರ್ಷ ಕಾದಿದ್ದ. ಆ ವರ್ಷವೆಲ್ಲ ಮೇಳದ ಹುಡುಗರನ್ನು ಕೂರಿಸಿಕೊಂಡು ಒಂದೊಂದು ಪದವನ್ನೂ ಬಾಯಿಗೆ ಬರುವ ತನಕ ಹಾಡಿಸಿದ್ದ. ಕಡೆಯ ದಿನ, ನೀರಿನಲ್ಲಿ ನಿಂತು, ಹಿಂದಿರುಗಿ ಕೇಳಿದ್ದ: "ಎಲ್ಲಾ ನಿಮ್ಮ ಬಾಯಾಗ ಬಂತಿಲ್ಲೋ?" ಬಂತು ಎಂದು ಅವರು ಹೇಳಿದ ಮೇಲೆಯೇ ಅವನ ಕೈ ವಹಿಯನ್ನು ಬಿಟ್ಟದ್ದು. ವಸ್ತ್ರ, ಅರಿಷಿಣ, ಕುಂಕುಮ, ಎಲ್ಲವೂ ಅವಳಿಗೆ ನೆನಪಿತ್ತು. ಆ ಒಂದು ಪ್ರಶ್ನೆ ಮರೆತಿತ್ತು. ಹನ್ನೆರಡನೆಯ ದಿನ ಅವಳು ನೀರಿನಲ್ಲಿ ಒಬ್ಬಳೇ ನಿಂತಿದ್ದಳು. ಹಿಂದಿರುಗಿ ಕೇಳಲು ದಂಡೆಯ ಮೇಲೆ ಯಾರೂ ಇರಲಿಲ್ಲ.

ಸೋಮವಾರ ಗಾಡಿ ಬಂತು. ಸಪ್ನಾ ಬಂದಳು. ಪರಶು ಹೊಸ ಅಂಗಿ ತೊಟ್ಟಿದ್ದ. ಭೀಮಶಿ ಬಂದು ಪಡಸಾಲೆಯ ಕಂಬಕ್ಕೆ ಒರಗಿ, ಹೊರಗಿನವನಂತೆ ನಿಂತ.

"ನೋಡತ್ತಿ, ಬಂದಾನ," ಎಂದ ಪರಶು. "ಕೈಚೀಲದಾಗ ತಂದಾನೋ ಏನೋ."

"ಪರಶೂ, ಬಾಯಿ ಮುಚ್ಚು," ಎಂದಳು ಕಾಡವ್ವ.

ಅತ್ತೆಯಿಂದ ಅಂಥ ಮಾತು ಅವನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಅವಳು ಪೆಟ್ಟಿಗೆಗಳ ನಡುವೆ ನಿಂತು, ಪಂಚರ ಮುಂದೆ ಹೇಳುವವಳಂತೆ ಸೆರಗು ಹೊದ್ದು, ನಡೆದದ್ದನ್ನು ನಡೆದಂತೆ ಹೇಳಿದಳು. ಬಸ್ಸು ಹತ್ತಿದ್ದು, ನೀರಿಗೆ ಇಳಿದದ್ದು, ಗಂಟು ಸ್ವಲ್ಪ ಹೊತ್ತು ತೇಲಿ, ಒಮ್ಮೆ ತಿರುಗಿ, ಮುಳುಗಿದ್ದು. "ಅವತ್ತ ನೀ ಭೀಮಶಿಗೆ ಅಂದಾಗ ನಾ ಇಲ್ಲೇ ಕುಂತಿದ್ದೆ. ಬಾಯಿ ಬಿಡಲಿಲ್ಲ. ಪುಸ್ತಕಾ ಬಿಟ್ಟದ್ದಕಿಂತಾ ಅದ ದೊಡ್ಡ ಪಾಪ. ಬರಕೋ ಯವ್ವಾ ಸಪ್ನಾ, ನನ್ನ ಹೆಸರ್ಲೇ ಬರಕೋ."

ಗಾಡಿಯ ಡ್ರೈವರ ಬೀಡಿ ಆರಿಸಿ ಬಾಗಿಲಿಗೆ ಬಂದವನು ಹಾಗೇ ಹಿಂದೆ ಸರಿದ.

"ಅತ್ತಿ," ಎಂದ ಪರಶು, "ಏನ ಮಾಡಿಟ್ಟಿ ಅತ್ತಿ," ಎಂದ.

ಸಪ್ನಾ ಪೆನ್ನನ್ನು ಕೆಳಗಿಟ್ಟಳು. ಆ ಪುಸ್ತಕಕ್ಕಾಗಿಯೇ ಅವಳು ಸಾಹೇಬರು ಇದ್ದಾಗಿನಿಂದ ಎರಡು ವರ್ಷ ಈ ಮನೆಗೆ ಓಡಾಡಿದ್ದಳು. ಆಮೇಲೆ ತನ್ನ ಚೀಲದಿಂದ ಒಂದು ಬಿಳಿ ರಟ್ಟು ತೆಗೆದಳು.

"ನಮ್ಮ ಕೆಲಸದಾಗ ಒಂದು ಪದ್ಧತಿ ಐತ್ರಿ ಅಜ್ಜಿ. ಪಟ್ಟಿಯೊಳಗಿದ್ದು ಕೈಗೆ ಸಿಗದಿದ್ದುದರ ಜಾಗಾ ನಾವು ಮುಚ್ಚಂಗಿಲ್ಲ. ಅಷ್ಟ ಅಳತಿ ರಟ್ಟು ಅಲ್ಲಿ ಇಡತೇವಿ. ಏನಿತ್ತು, ಹೆಂಗ ಹೋತು ಅಂತ ಅದರ ಮ್ಯಾಲ ಬರೀತೇವಿ. ಮುಂದ ಹುಡುಕಿಕೊಂಡು ಬಂದವ್ರಿಗೆ ಖರೇ ಗೊತ್ತಾಗಬೇಕಲ್ಲಾ." ರಟ್ಟನ್ನು ತೊಡೆಯ ಮೇಲಿಟ್ಟು ಕೇಳಿದಳು: "ಅಂಚಿನ ಬರಹ ಏನೇನಿತ್ತು, ಏನರ ನೆನಪೈತೇನ್ರಿ?"

ಕಾಡವ್ವ ನೆಲಕ್ಕೆ ಕುಳಿತಳು. ಕಣ್ಣು ಮುಚ್ಚಿದಳು. ಅಪ್ಪ ಹಾಡಿಸಿದ ಪದವಾದರೆ ರಾಗ ಹಿಡಿದರೆ ಸಾಲು ತಾನೇ ಬರುತ್ತಿತ್ತು. ಇದಕ್ಕೆ ರಾಗವಿರಲಿಲ್ಲ. ಸಂಜೆಯ ದೀಪ, ಅಣ್ಣನ ಕನ್ನಡಕ, ಅವನು ಹಾಳೆ ತಿರುವುವಾಗಿನ ಕೆಮ್ಮು, ಇವನ್ನೇ ಹಿಡಿದು ಅವಳು ಒಳಗೆ ಹುಡುಕಿದಳು.

"ಇಪ್ಪತ್ತೊಂದನೇ ನುಡಿ," ಎಂದಳು. ಜೀವದ ಹಕ್ಕಿನ ಅನುಚ್ಛೇದ ಅದು. ಅವಳ ದನಿ ಬದಲಾಯಿತು. ಆಡುಮಾತು ಬಿಟ್ಟು, ಅಣ್ಣ ಓದಿದ್ದನ್ನೇ, ಅವನು ತಡೆದಲ್ಲಿ ತಡೆದು ಹೇಳಿದಳು. "ಊರು ಮುಳುಗಿದ ದಿನ ಯಾರ ಉಸಿರೂ ನಿಲ್ಲಲಿಲ್ಲ. ಆದರೂ ಅಂದು ನಮ್ಮಿಂದ ಹೋದದ್ದನ್ನು ಜೀವ ಎನ್ನದೆ ಏನೆನ್ನಲಿ?"

ಸಪ್ನಾಳ ಪೆನ್ನು ಓಡಿತು.

ಹದಿನಾಲ್ಕನೆಯ ನುಡಿ ಬಂತು. ಮೂವತ್ತೆರಡನೆಯದು ಅರ್ಧ ಬಂತು, ಅರ್ಧ ಬರಲಿಲ್ಲ. "ಬಾರದ್ದನ್ನ ಬರಲಿಲ್ಲಾ ಅಂತ ಬರಿ. ನನ್ನದು ಕೂಡಸಬ್ಯಾಡ," ಎಂದಳು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಬೆವರು ಹಣೆಯಿಂದ ಇಳಿಯುತ್ತಿತ್ತು. ಪರಶು ನೀರು ತಂದು ಕೊಟ್ಟ, ಕುಡಿಯಲಿಲ್ಲ.

"ಹದಿನೇಳನೇ ನುಡಿ," ಎಂದಳು ಕಡೆಗೆ.

ಕಂಬಕ್ಕೆ ಒರಗಿದ್ದ ಭೀಮಶಿ ನೆಟ್ಟಗೆ ನಿಂತ. ಅದು ಅಸ್ಪೃಶ್ಯತೆಯನ್ನು ತೆಗೆದು ಹಾಕಿದ ಅನುಚ್ಛೇದ. ಅದನ್ನು ಬಾಯಿಪಾಠವಾಗಿ ಬಲ್ಲವನು ಅವನು. ಅದರ ಅಂಚಿನಲ್ಲಿ ಸಾಹೇಬರು ಏನು ಬರೆದಿದ್ದರೆಂದು ಮಾತ್ರ ಅವನಿಗೆ ಗೊತ್ತಿರಲಿಲ್ಲ.

"ಇದನ್ನು ಇವತ್ತು ಭೀಮಶಿಗೆ ಬೇರೆ ಪ್ರತಿ ಕೊಟ್ಟು ಗಟ್ಟಿಯಾಗಿ ಓದಿಸಿದೆ. ನಾನು ಓದುವಾಗ ಇದು ಎರಡು ಸಾಲು. ಅವನು ಓದುವಾಗ ನಡುವೆ ನಿಂತ. ಅವನು ನಿಂತ ಜಾಗದಲ್ಲಿ ಏನಿದೆಯೆಂದು ಯಾವ ಕೋರ್ಟಿನಲ್ಲೂ ನಾನು ಹೇಳಲಾರೆ."

ಹೇಳಿ ಮುಗಿಸಿ ಕಾಡವ್ವ ಕಣ್ಣು ತೆರೆದಳು. ಭೀಮಶಿ ಮೋರೆಯನ್ನು ಗೋಡೆಯ ಕಡೆ ತಿರುಗಿಸಿಕೊಂಡಿದ್ದ.

ಮಧ್ಯಾಹ್ನದ ತನಕ ಅವಳು ನೆನಪಿಸಿಕೊಂಡಳು. ಒಟ್ಟು ಒಂಬತ್ತು ನುಡಿ ಬಂದವು. ಅಣ್ಣ ಬರೆದವು ನೂರಾರು.

ಸಪ್ನಾ ರಟ್ಟು ತುಂಬಿಸಿ ಇನ್ನೂರಾ ಹದಿನಾರನೆಯ ಜಾಗದಲ್ಲಿ ಇಟ್ಟಳು. ಭೀಮಶಿ ಮುಖ ತೊಳೆದು ಬಂದು, ತನ್ನ ವಹಿ ತೆರೆದು, ಷರಾ ಬರೆಯುವ ಕಡೆಯ ಕಾಲಮಿನಲ್ಲಿ ಗುಮಾಸ್ತನ ಅಕ್ಷರದಲ್ಲಿ ಬರೆದ. ಬರೆದದ್ದನ್ನು ಅವಳಿಗೆ ಓದಿ ಹೇಳಿದ: "ಸದರಿ ಪ್ರತಿಯನ್ನು ಸಾಹೇಬರ ತಂಗಿ ಕಾಡವ್ವನವರು ಭಕ್ತಿಯಿಂದ ನವಿಲುತೀರ್ಥದ ನೀರಿಗೆ ಬಿಟ್ಟಿರುತ್ತಾರೆ. ಒಂಬತ್ತು ನುಡಿ ಅವರ ಬಾಯಿಂದ ಬರೆದುಕೊಳ್ಳಲಾಗಿದೆ."

"ಭಕ್ತಿ ಅನ್ನೂದು ತೆಗಿ," ಎಂದಳು ಕಾಡವ್ವ.

"ತೆಗಿಯಾಂಗಿಲ್ರಿ ಅಕ್ಕಾರ. ವಹಿಯಾಗ ಖರೇನ ಬರಿಬೇಕು. ಇಲ್ಲಿ ಸಹಿ ಮಾಡ್ರಿ."

ಅಣ್ಣ ಕಲಿಸಿಕೊಟ್ಟ ತನ್ನ ಹೆಸರಿನ ಮೂರಕ್ಷರವನ್ನು ಅವಳು ನಿಧಾನವಾಗಿ ಬರೆದಳು. ಪರಶು ಸಹಿ ಹಾಕಿದ. ಹಾಕಿ, ಜಗಲಿಗೆ ಹೋಗಿ, ಅಲ್ಲಿ ಅವತ್ತಿನಿಂದ ಬಿದ್ದಿದ್ದ ಕೀಲಿಯನ್ನು ತಂದು, ಎರಡೂ ಕೈಯಲ್ಲಿ ಭೀಮಶಿಯ ಮುಂದೆ ಹಿಡಿದ.

"ತಗೋ ಕಾಕಾ. ತಪ್ಪಾತು."

ಕಾಕಾ ಎಂದು ಅವನು ಭೀಮಶಿಯನ್ನು ಅದುವರೆಗೆ ಕರೆದಿರಲಿಲ್ಲ.

"ಕಪಾಟು ಖಾಲಿ ಆಗೇತಲ್ಲೋ ಹುಚ್ಚಾ," ಎಂದ ಭೀಮಶಿ. "ಇನ್ನ ಯಾತಕ್ಕ ಕೀಲಿ ಹಾಕಲಿ?"

ಆದರೂ ತಗೊಂಡ. ಅಂಗಿಯ ಒಳಜೇಬಿಗೆ ಇಳಿಸಿದ. ಗಾಡಿ ಕಿತ್ತೂರಿನ ಕಡೆ ಹೊರಟಾಗ ಓಣಿಯ ತುದಿಯ ತನಕ ಅದರ ಹಿಂದೆ ನಡೆದು ಹೋಗಿ, ತಿರುಗಿ ಬಂದು, ಹೊಸ್ತಿಲ ಮೇಲೆ ಕುಳಿತ ಕಾಡವ್ವನ ಮುಂದೆ ನಿಂತ.

"ಹದಿನೇಳನೇದು ಇನ್ನೊಮ್ಮೆ ಹೇಳ್ರಿ ಅಕ್ಕಾರ. ನನ್ನ ಬಾಯಾಗ ಬರೂ ತನಕಾ ಹೇಳ್ರಿ."

ಅವಳು ಸರಿದು ಅವನಿಗೆ ಜಾಗ ಮಾಡಿದಳು.